ಹಿರಿಯರ ನೆನಪು ಮತ್ತು ಗಣಕಯಂತ್ರ: ಐಮಂಗಲ ಹೋಬಳಿಯ ಗ್ರಾಮ ಪಂಚಾಯಿತಿ ಸದಸ್ಯರಿಗೆ ಒಂದು ಅಧ್ಯಯನ ಪಾಠ



‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮ ಜಿಲ್ಲೆಯ ಊರುಗಳಲ್ಲಿಯೂ ಹಟ್ಟಿಗಳಲ್ಲಿಯೂ ಇಂದಿಗೂ ಬಳಕೆಯಲ್ಲಿದೆ. ನಗುತ್ತ ಆಡುವ ಈ ಮಾತಿನಿಂದ ಒಂದು ಹಾನಿಯೂ ಆಗುತ್ತಿದೆ. ಮನೆಯ ಹಿರಿಯರು ಒಂದೇ ಪ್ರಶ್ನೆಯನ್ನು ಗಳಿಗೆಗೊಮ್ಮೆ ಕೇಳತೊಡಗಿದಾಗ, ಹೊಲದಿಂದ ಮನೆಗೆ ಬರುವ ದಾರಿ ತಪ್ಪಿದಾಗ, ಪಿಂಚಣಿಯ ಹಣವನ್ನು ಎಲ್ಲಿಟ್ಟೆನೆಂದು ತಿಳಿಯದೆ ಸೊಸೆಯ ಮೇಲೆ ಕಳವಿನ ಆರೋಪ ಹೊರಿಸಿದಾಗ, ಮನೆಯವರು ಗಾದೆಯನ್ನು ನೆನೆದು ಸುಮ್ಮನಾಗುತ್ತಾರೆ. ವಯಸ್ಸಾದ ಮೇಲೆ ಹೀಗೆಯೇ ಎಂದು ಒಮ್ಮೆ ತೀರ್ಮಾನವಾದರೆ ವೈದ್ಯರ ಬಳಿಗೆ ಕರೆದೊಯ್ಯುವ ಮಾತೇ ಏಳುವುದಿಲ್ಲ. ಪರಿಚಯದವರ ಹೆಸರು ತಟ್ಟನೆ ಬಾಯಿಗೆ ಬಾರದೆ ಸ್ವಲ್ಪ ಹೊತ್ತಿನ ನಂತರ ನೆನಪಾಗುವುದು ವಯಸ್ಸಿನ ಗುಣ. ಐವತ್ತು ವರ್ಷ ನಡೆದಾಡಿದ ದಾರಿಯೇ ಮರೆತುಹೋಗುವುದು ವಯಸ್ಸಿನ ಗುಣವಲ್ಲ. ಅದು ಕಾಯಿಲೆಯ ಲಕ್ಷಣವಾಗಿರುವ ಸಂಭವವೇ ಹೆಚ್ಚು.

ದೇಶಮಟ್ಟದ ಸಮೀಕ್ಷೆಯೊಂದರ ಆಧಾರದ ಮೇಲೆ 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಷಿಯಾ ಎಂದು ಕರೆಯಲಾಗುವ ಮರೆಗುಳಿ ಕಾಯಿಲೆಯಿಂದ ಬಳಲುತ್ತಿದ್ದಾರೆ. ಇದು ಪಟ್ಟಣದವರ ಕಾಯಿಲೆ ಎಂಬ ಭಾವನೆ ನಮ್ಮಲ್ಲಿದೆ. ಲೆಕ್ಕ ಹೇಳುವುದು ಬೇರೆ: ನಗರಗಳಲ್ಲಿ ಶೇ. 5.3 ಇದ್ದರೆ ಗ್ರಾಮಗಳಲ್ಲಿ ಶೇ. 8.4, ಪುರುಷರಲ್ಲಿ ಶೇ. 5.8 ಇದ್ದರೆ ಮಹಿಳೆಯರಲ್ಲಿ ಶೇ. 9. ಗ್ರಾಮೀಣ ಸರಾಸರಿಯನ್ನು ಅನ್ವಯಿಸಿದರೆ 600 ಮಂದಿ ಹಿರಿಯರಿರುವ ಒಂದು ಗ್ರಾಮ ಪಂಚಾಯಿತಿಯಲ್ಲಿ ಸುಮಾರು 50 ಮಂದಿ ಈ ಕಾಯಿಲೆಯವರಿರಬೇಕು. ಇದು ಕೇವಲ ಗುಣಾಕಾರದ ಲೆಕ್ಕ, ಗಣತಿಯಲ್ಲ. ಆದರೂ ತಮ್ಮ ವಾರ್ಡಿನಲ್ಲಿ ಇಂಥವರು ಎಷ್ಟು ಮಂದಿ ತಮಗೆ ಗೊತ್ತು ಎಂದು ಪ್ರತಿಯೊಬ್ಬ ಸದಸ್ಯರೂ ಒಮ್ಮೆ ಎಣಿಸಿ ನೋಡಬೇಕು. ಎಣಿಕೆಗೂ ಲೆಕ್ಕಕ್ಕೂ ನಡುವೆ ಉಳಿಯುವವರು ಮನೆಯ ಒಳಕೋಣೆಯಲ್ಲಿದ್ದಾರೆ.

ಈ ಪಾಠದ ವಿಷಯ ಗಣಕಯಂತ್ರ ಆಧಾರಿತ ಅರಿವಿನ ಪುನಶ್ಚೇತನ. ಹೆಸರು ದೊಡ್ಡದು, ಅರ್ಥ ಕಠಿಣವಲ್ಲ. ಗಮನ, ನೆನಪು, ಲೆಕ್ಕಾಚಾರ, ಯೋಜನೆ, ಮಾತು, ದಿಕ್ಕಿನ ಪರಿವೆ ಇವುಗಳೆಲ್ಲ ಸೇರಿ ಅರಿವು. ಲಕ್ವ ಹೊಡೆದು ಕೈ ಸೋತವರಿಗೆ ವ್ಯಾಯಾಮ ಮಾಡಿಸಿ ಕೈಯನ್ನು ಮತ್ತೆ ಬಳಕೆಗೆ ತರುವಂತೆ, ಕುಂದಿದ ಅರಿವನ್ನು ಅಭ್ಯಾಸದಿಂದ ಸಾಧ್ಯವಾದಷ್ಟು ಬಳಕೆಗೆ ತರುವ ಪ್ರಯತ್ನವೇ ಪುನಶ್ಚೇತನ. ಅರಿವು ಕೇಂದ್ರದ ಗಣಕಯಂತ್ರವನ್ನೋ ಟ್ಯಾಬನ್ನೋ ಇದಕ್ಕೆ ಬಳಸಬಹುದೇ, ಬಳಸುವುದಾದರೆ ಎಷ್ಟರ ಮಟ್ಟಿಗೆ, ಪಂಚಾಯಿತಿಯ ಹಣವನ್ನು ಇದಕ್ಕೆ ವೆಚ್ಚ ಮಾಡುವುದು ಯುಕ್ತವೇ ಎಂಬ ಪ್ರಶ್ನೆಗಳಿಗೆ ಸದಸ್ಯರು ಉತ್ತರ ಹೇಳಬೇಕಾದ ಕಾಲ ಬಂದಿದೆ.

ತರಬೇತಿ ಬೇರೆ, ಪುನಶ್ಚೇತನ ಬೇರೆ

ಮಾರುಕಟ್ಟೆಯಲ್ಲಿ ಇವೆರಡನ್ನೂ ಒಂದೇ ಎಂಬಂತೆ ಮಾರಲಾಗುತ್ತದೆ. ಆದುದರಿಂದ ಮೊದಲು ಈ ವ್ಯತ್ಯಾಸವನ್ನು ತಿಳಿಯಬೇಕು.

ಅರಿವಿನ ತರಬೇತಿ ಎಂದರೆ ಗೊತ್ತುಪಡಿಸಿದ ಅಭ್ಯಾಸವನ್ನು ಮತ್ತೆ ಮತ್ತೆ ಮಾಡಿಸುವುದು. ಪರದೆಯ ನಡುವೆ ಒಂದು ಚಿತ್ರ, ಅಂಚಿನಲ್ಲಿ ಇನ್ನೊಂದು ಚಿತ್ರ ಕ್ಷಣಕಾಲ ಮೂಡಿ ಮರೆಯಾಗುತ್ತವೆ. ನಡುವೆ ಕಂಡದ್ದು ಯಾವುದು, ಅಂಚಿನಲ್ಲಿ ಕಂಡದ್ದು ಎಲ್ಲಿ ಎಂದು ಬೆರಳಿನಿಂದ ಮುಟ್ಟಿ ತೋರಿಸಬೇಕು. ಉತ್ತರ ಸರಿಯಾದರೆ ಮುಂದಿನ ಸಲ ಚಿತ್ರ ಇನ್ನೂ ಬೇಗ ಮರೆಯಾಗುತ್ತದೆ. ತಪ್ಪಿದರೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಹೀಗೆ ಆಯಾ ವ್ಯಕ್ತಿಯ ಶಕ್ತಿಗೆ ತಕ್ಕಂತೆ ಅಭ್ಯಾಸವನ್ನು ಬಿಗಿ ಮಾಡುವುದು, ಸಡಿಲಿಸುವುದು, ಪ್ರತಿ ಉತ್ತರಕ್ಕೆ ಹಿಡಿದ ಕಾಲವನ್ನು ಬೇಸರವಿಲ್ಲದೆ ದಾಖಲಿಸುವುದು, ಇದರಲ್ಲಿ ಯಂತ್ರ ಮನುಷ್ಯನಿಗಿಂತ ಮೇಲು. ನೂರನೆಯ ಸಲವೂ ಅದು ಸಿಡುಕುವುದಿಲ್ಲ. ಇದು ಸಣ್ಣ ಗುಣವೇನಲ್ಲ.

ಪುನಶ್ಚೇತನವು ವ್ಯಕ್ತಿಯ ಬದುಕಿನಿಂದ ಆರಂಭವಾಗುತ್ತದೆ. ಲಕ್ವದ ನಂತರ ಒಬ್ಬ ಅಜ್ಜನಿಗೆ ಔಷಧ ನುಂಗಿದೆನೋ ಇಲ್ಲವೋ ಎಂಬುದು ನೆನಪಿರುವುದಿಲ್ಲ ಎಂದಿಟ್ಟುಕೊಳ್ಳಿ. ಆತನಿಗೆ ಬೇಕಾದುದು ಪರದೆಯ ಮೇಲಿನ ಆಟದಲ್ಲಿ ಹೆಚ್ಚು ಅಂಕವಲ್ಲ. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು ಮಾತ್ರೆ, ತಪ್ಪದೆ. ಅದಕ್ಕೆ ದಿನಗಳ ಹೆಸರಿನ ಬದಲು ಬಣ್ಣದ ಗುರುತಿರುವ ಡಬ್ಬಿ, ಮೊಬೈಲಿನಲ್ಲಿ ಮಗನ ಧ್ವನಿಯಲ್ಲೇ ಮುದ್ರಿಸಿದ ಕರೆಗಂಟೆ, ಡಬ್ಬಿಯನ್ನು ಇಡಲು ಬದಲಾಗದ ಒಂದು ಗೂಡು, ಇಷ್ಟು ಏರ್ಪಾಡು ಸಾಕಾಗಬಹುದು. ಡಬ್ಬಿ ಎಲ್ಲಿದೆ ಎಂಬುದನ್ನು ಕಲಿಸಲು ಒಂದು ಕ್ರಮವಿದೆ. ಜಾಗವನ್ನು ತೋರಿಸಿ, ಒಂದು ನಿಮಿಷ ಬಿಟ್ಟು ಕೇಳುವುದು. ಸರಿಯಾಗಿ ಹೇಳಿದರೆ ಎರಡು ನಿಮಿಷ, ಅನಂತರ ನಾಲ್ಕು, ಎಂಟು ಹೀಗೆ ಅಂತರವನ್ನು ಹೆಚ್ಚಿಸುತ್ತ ಹೋಗುವುದು. ತಿಳಿಯದಿದ್ದರೆ ಊಹಿಸಲು ಬಿಡದೆ ಕೂಡಲೇ ಉತ್ತರವನ್ನು ಹೇಳಿಕೊಡಬೇಕು. ಏಕೆಂದರೆ ನೆನಪು ಕುಂದಿದವರಲ್ಲಿ ತಪ್ಪು ಉತ್ತರವೇ ಬೇರೂರಿಬಿಡುತ್ತದೆ. ಮನೆಯಲ್ಲಿ ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ‘ನೆನಪು ಮಾಡ್ಕೋ, ನೆನಪು ಮಾಡ್ಕೋ’ ಎಂದು ಒತ್ತಾಯಿಸುತ್ತೇವೆ.

ಬ್ರಿಟನ್ನಿನಲ್ಲಿ ಆರಂಭದ ಹಂತದ ಡಿಮೆನ್ಷಿಯಾ ಇದ್ದ 475 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಎರಡನೆಯ ಬಗೆಯನ್ನು ಪರೀಕ್ಷಿಸಲಾಯಿತು. ಪ್ರತಿಯೊಬ್ಬರೂ ತಮಗೆ ಬೇಕಾದ ದಿನನಿತ್ಯದ ಗುರಿಯನ್ನು ತಾವೇ ಆರಿಸಿಕೊಂಡರು. ಆರಿಸಿದ ಕೆಲಸದಲ್ಲಿ ಸ್ಪಷ್ಟ ಸುಧಾರಣೆ ಕಂಡುಬಂದಿತು. ನೆನಪಿನ ಪರೀಕ್ಷೆಯ ಅಂಕಗಳು ಮಾತ್ರ ಬದಲಾಗಲಿಲ್ಲ. ಈ ಫಲಿತಾಂಶದ ಸಾರ ಪಂಚಾಯಿತಿಗೆ ಬಹಳ ಉಪಯುಕ್ತ. ಮೆದುಳನ್ನು ಹಿಂದಿನ ಸ್ಥಿತಿಗೆ ತರಲಾಗದಿದ್ದರೂ ಬದುಕನ್ನು ಹಗುರ ಮಾಡಬಹುದು.

ಯಂತ್ರದಿಂದ ಆಗುವುದೆಷ್ಟು, ಆಗದಿರುವುದೆಷ್ಟು

ಅಮೆರಿಕದಲ್ಲಿ 2,832 ಮಂದಿ ಆರೋಗ್ಯವಂತ ಹಿರಿಯರ ಮೇಲೆ ನಡೆದ ‘ಆಕ್ಟಿವ್’ ಎಂಬ ಪ್ರಯೋಗ ಈ ಕ್ಷೇತ್ರದಲ್ಲಿ ಪ್ರಸಿದ್ಧವಾದುದು. ಅದರ ಮೊದಲ ಫಲಿತಾಂಶ 2002ರಲ್ಲಿಯೂ ಹತ್ತು ವರ್ಷಗಳ ಫಲಿತಾಂಶ 2014ರಲ್ಲಿಯೂ ಪ್ರಕಟವಾದವು. ಒಂದು ಗುಂಪಿಗೆ ನೆನಪಿನ ತರಬೇತಿ, ಇನ್ನೊಂದಕ್ಕೆ ತರ್ಕದ ತರಬೇತಿ, ಮತ್ತೊಂದಕ್ಕೆ ಮೇಲೆ ವಿವರಿಸಿದಂತೆ ಗಣಕಯಂತ್ರದ ಪರದೆಯಲ್ಲಿ ಬೇಗ ಗ್ರಹಿಸುವ ತರಬೇತಿ. ನಾಲ್ಕನೆಯ ಗುಂಪಿಗೆ ಏನೂ ಇಲ್ಲ. ತರಬೇತಿ ಹತ್ತೇ ಅವಧಿಗಳದ್ದು. ತರ್ಕ ಮತ್ತು ವೇಗದ ತರಬೇತಿಯ ಗುಣ ಹತ್ತು ವರ್ಷಗಳ ನಂತರವೂ ಉಳಿದಿತ್ತು. ನೆನಪಿನ ತರಬೇತಿಯದು ಉಳಿಯಲಿಲ್ಲ. 2017ರ ವಿಶ್ಲೇಷಣೆಯಲ್ಲಿ, ವೇಗದ ತರಬೇತಿ ಪಡೆದವರಿಗೆ ಡಿಮೆನ್ಷಿಯಾ ಬರುವ ಸಂಭವ ಶೇ. 29ರಷ್ಟು ಕಡಿಮೆ ಎಂದು ಕಂಡುಬಂದಿತು. ಆಶಾದಾಯಕ ಸಂಗತಿಯೇ. ಆದರೆ ಅವರೆಲ್ಲ ಆರಂಭದಲ್ಲಿ ಕಾಯಿಲೆಯಿಲ್ಲದವರು, ಓದುಬರಹ ಬಲ್ಲವರು ಎಂಬುದನ್ನು ಮರೆಯಬಾರದು. ಮರೆವು ಸ್ವಲ್ಪ ಆರಂಭವಾದವರಲ್ಲಿ ಗಣಕಯಂತ್ರದ ತರಬೇತಿಯಿಂದ ಅಲ್ಪಸ್ವಲ್ಪ ಲಾಭವುಂಟೆಂದು ಅಧ್ಯಯನಗಳು ಹೇಳುತ್ತವೆ. ಡಿಮೆನ್ಷಿಯಾ ಬಲಿತವರಲ್ಲಿ ಲಾಭ ತೀರ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯು 2019ರ ತನ್ನ ಮಾರ್ಗಸೂಚಿಯಲ್ಲಿ ಇಂಥ ತರಬೇತಿಯನ್ನು ‘ನೀಡಬಹುದು’ ಎಂದಿದೆಯೇ ಹೊರತು ‘ನೀಡಲೇಬೇಕು’ ಎಂದಿಲ್ಲ.

ಇನ್ನೊಂದು ಮಿತಿಯೂ ಇದೆ. ಚೌಕಾಬಾರದಲ್ಲಿ ಪಳಗಿದವನು ಚೌಕಾಬಾರದಲ್ಲಿ ಗೆಲ್ಲುತ್ತಾನೆ. ಅದರಿಂದಲೇ ಸಂತೆಯ ವ್ಯಾಪಾರದಲ್ಲಿಯೂ ಗೆದ್ದಾನೆಂದು ಹೇಳಲಾಗದು. ಪರದೆಯ ಮೇಲೆ ಕಲಿತದ್ದು ಅದೇ ಬಗೆಯ ಕೆಲಸಕ್ಕೆ ಹರಿದುಬರುತ್ತದೆ, ದೂರದ ಕೆಲಸಕ್ಕೆ ಹರಿಯುವುದು ಕಡಿಮೆ. ‘ಲುಮಾಸಿಟಿ’ ಎಂಬ ಮೆದುಳಿನ ಆಟಗಳ ಕಂಪನಿಯು ತನ್ನ ಆಟಗಳು ಮರೆವನ್ನು ತಡೆಯುತ್ತವೆ ಎಂಬರ್ಥದ ಜಾಹೀರಾತು ನೀಡಿದ್ದಕ್ಕಾಗಿ ಅಮೆರಿಕದ ವ್ಯಾಪಾರ ಆಯೋಗದ ಕ್ರಮಕ್ಕೆ ಗುರಿಯಾಗಿ 2016ರಲ್ಲಿ 20 ಲಕ್ಷ ಡಾಲರ್ ತೆರಬೇಕಾಯಿತು. ಜಾಹೀರಾತಿನ ಮಾತಿಗೆ ಸಾಕಷ್ಟು ಆಧಾರವಿರಲಿಲ್ಲ ಎಂಬುದೇ ಆಕ್ಷೇಪಣೆ. ಇಂಥದೇ ‘ಕಿಟ್’ ಹೊತ್ತು ನಾಳೆ ಯಾರಾದರೂ ಪಂಚಾಯಿತಿ ಕಚೇರಿಗೆ ಬಂದರೆ ಈ ಪ್ರಕರಣವನ್ನು ನೆನಪಿಟ್ಟುಕೊಂಡು ಮಾತನಾಡುವುದು ಒಳ್ಳೆಯದು.

ಆದರೆ ಪಂಚಾಯಿತಿಗಳಿಗೆ ಅನುಕೂಲವಾದ ಸಂಗತಿಯೊಂದು ಸಂಶೋಧನೆಯಲ್ಲಿಯೇ ಅಡಗಿದೆ. 2014ರಲ್ಲಿ, ಆರೋಗ್ಯವಂತ ಹಿರಿಯರ ಮೇಲಿನ 52 ಅಧ್ಯಯನಗಳನ್ನು, ಒಟ್ಟು 4,885 ಮಂದಿಯ ಮಾಹಿತಿಯನ್ನು, ಒಟ್ಟುಗೂಡಿಸಿ ನೋಡಲಾಯಿತು. ಮನೆಯಲ್ಲಿ ಒಬ್ಬರೇ ಕುಳಿತು ಮಾಡಿದ ತರಬೇತಿಯಿಂದ ಗಣನೀಯ ಫಲ ಕಾಣಲಿಲ್ಲ. ಗುಂಪಿನಲ್ಲಿ, ಒಬ್ಬರ ಮೇಲ್ವಿಚಾರಣೆಯಲ್ಲಿ ಮಾಡಿದ್ದಕ್ಕೆ ಫಲವಿತ್ತು. ವಾರಕ್ಕೆ ಮೂರಕ್ಕಿಂತ ಹೆಚ್ಚು ಸಲ ಮಾಡಿದರೆ ಲಾಭವಿಲ್ಲ; ಅರ್ಧ ಗಂಟೆಗಿಂತ ಕಡಿಮೆಯಾದರೂ ಲಾಭವಿಲ್ಲ. ದುಬಾರಿ ಸಾಧನವನ್ನು ಮನೆಮನೆಗೆ ಹಂಚುವುದಕ್ಕಿಂತ ಊರಿನ ಒಂದು ಕೋಣೆಯಲ್ಲಿ ಆರೆಂಟು ಮಂದಿ ಕೂಡಿ ಕುಳಿತುಕೊಳ್ಳುವುದೇ ಮೇಲು ಎಂದು ಇದರ ಅರ್ಥ. ಆ ಕೋಣೆ ನಮ್ಮಲ್ಲಿ ಈಗಾಗಲೇ ಇದೆ.

ಶ್ರೀನಿವಾಸಪುರದಿಂದ ಕಲಿಯಬೇಕಾದದ್ದು

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಿಂದ ದೀರ್ಘಕಾಲದ ಅಧ್ಯಯನವೊಂದನ್ನು ನಡೆಸುತ್ತಿದೆ. 45 ವರ್ಷ ಮೇಲ್ಪಟ್ಟ ಸುಮಾರು 10,000 ಮಂದಿಯನ್ನು ವರ್ಷಗಳ ಕಾಲ ಅನುಸರಿಸಿ, ಯಾರಲ್ಲಿ ಮರೆವು ಬೆಳೆಯುತ್ತದೆ, ಯಾರಲ್ಲಿ ಬೆಳೆಯುವುದಿಲ್ಲ, ಏಕೆ ಎಂದು ತಿಳಿಯುವುದು ಅದರ ಉದ್ದೇಶ. ಶ್ರೀನಿವಾಸಪುರ ನಮ್ಮ ಹಿರಿಯೂರಿನಂತೆಯೇ ಮಳೆ ಕಡಿಮೆಯ, ಕೃಷಿಯನ್ನು ನಂಬಿದ ಸೀಮೆ. ಅಲ್ಲಿ ನೆನಪು ಮತ್ತು ಗಮನದ ಪರೀಕ್ಷೆಗೆ ‘ಕಾಗ್ನಿಟೊ’ ಎಂಬ ಗಣಕಯಂತ್ರದ ಪರೀಕ್ಷೆಯನ್ನು ಕನ್ನಡ ಮತ್ತು ತೆಲುಗಿಗೆ ಹೊಂದಿಸಿ ಬಳಸಲಾಗುತ್ತಿದೆ. ಅದು ಪರೀಕ್ಷೆಯೇ ಹೊರತು ಚಿಕಿತ್ಸೆಯಲ್ಲ. ಆದರೂ ಹಳ್ಳಿಯ ಹಿರಿಯರು ಪರದೆಯ ಮುಂದೆ ಕೂರಲಾರರು ಎಂಬ ನೆವವನ್ನು ಅದು ತೆಗೆದುಹಾಕಿದೆ.

ಓದುಬರಹದ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ಶಾಲೆಯ ಮೆಟ್ಟಿಲು ಹತ್ತದವರನ್ನು ಅಕ್ಷರ ಬಲ್ಲವರಿಗಾಗಿ ಮಾಡಿದ ಪರೀಕ್ಷೆಯಿಂದ ಅಳೆದರೆ ಕಾಯಿಲೆಯಿಲ್ಲದವರೂ ಕಾಯಿಲೆಯವರಾಗಿ ಕಾಣುತ್ತಾರೆ. ನಮ್ಮ ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲ ಸಮುದಾಯದ ಸಿರಿಯಜ್ಜಿಯವರು ಅಕ್ಷರ ಕಲಿತವರಲ್ಲ. ಸಾವಿರಾರು ಪದಗಳನ್ನು ನೆನಪಿನಲ್ಲಿಯೇ ಇಟ್ಟುಕೊಂಡಿದ್ದರು. ಕಾಗದ ಪೆನ್ನು ಕೊಟ್ಟು ಅವರ ನೆನಪನ್ನು ಅಳೆಯಹೊರಟರೆ ನಗೆಪಾಟಲಾಗುವುದು ಅಳೆಯುವವರೇ. ಆದುದರಿಂದ ಯಾವುದೇ ತಂತ್ರಾಂಶವನ್ನು ಒಪ್ಪುವ ಮೊದಲು ಮೂರು ಸಂಗತಿಗಳನ್ನು ನೋಡಬೇಕು: ಅದು ಕನ್ನಡದಲ್ಲಿ ಮಾತನಾಡುತ್ತದೆಯೇ, ಓದುಬಾರದವರು ಚಿತ್ರ ಮತ್ತು ಧ್ವನಿಯಿಂದಲೇ ನಡೆಸಬಹುದೇ, ಅದರಲ್ಲಿನ ಚಿತ್ರಗಳು ನಮ್ಮ ಹಿರಿಯರು ಕಂಡು ಬಳಸಿದವುಗಳೇ. ಹಿಮದ ಮನುಷ್ಯನನ್ನೂ ಪಿಯಾನೊವನ್ನೂ ಗುರುತಿಸದಿದ್ದರೆ ಅದು ಮರೆವಲ್ಲ. ಮೊರ, ಒನಕೆ, ಕುರಿ, ಶೇಂಗಾ ಗಿಡ, ಕೂರಿಗೆ ಇವು ಇರಲಿ.

ರಾಜ್ಯ ಸರ್ಕಾರವು ನಿಮ್ಹಾನ್ಸ್ ಸಂಸ್ಥೆಯ ಜೊತೆಗೂಡಿ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಬೆಂಗಳೂರಿನ ಜಯನಗರ, ಕೋಲಾರ ಮತ್ತು ಚಿಕ್ಕಬಳ್ಳಾಪುರಗಳಲ್ಲಿ ಮೊದಲು ಪ್ರಯೋಗ ನಡೆದು, ತರುವಾಯ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ಇತರ ಜಿಲ್ಲಾ ಆಸ್ಪತ್ರೆಗಳಿಗೂ ವಿಸ್ತರಿಸಲಾಯಿತು. ತಲೆನೋವು, ಮೂರ್ಛೆರೋಗ, ಲಕ್ವ ಮತ್ತು ಡಿಮೆನ್ಷಿಯಾ ಇದರ ಮುಖ್ಯ ವಿಷಯಗಳು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಡುವುದೂ ಅದರ ಭಾಗ. ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ ಹೆದ್ದಾರಿಯ ಮೇಲೆಯೇ ಇರುವ ಐಮಂಗಲದವರಿಗೆ ಜಿಲ್ಲಾ ಆಸ್ಪತ್ರೆ ದೂರವಲ್ಲ. ದೂರವಿರುವುದು ಒಳಗಿನ ಹಟ್ಟಿಗಳಿಗೆ, ಅದರಲ್ಲಿಯೂ ಒಂಟಿಯಾಗಿರುವ ಹಿರಿಯರಿಗೆ.

ಪರದೆಗೆ ಮೊದಲು ಕಣ್ಣು, ಕಿವಿ, ರಕ್ತದೊತ್ತಡ

ಮರೆವಿನಂತೆ ಕಾಣುವುದೆಲ್ಲ ಡಿಮೆನ್ಷಿಯಾ ಅಲ್ಲ. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಹಲವು ಮಾತ್ರೆಗಳ ಅಡ್ಡಪರಿಣಾಮ ಇವುಗಳಿಂದಲೂ ಅರಿವು ಮಂಕಾಗುತ್ತದೆ, ಮತ್ತು ಚಿಕಿತ್ಸೆಯಿಂದ ಬಹುಮಟ್ಟಿಗೆ ಸರಿಹೋಗಬಹುದು. ಒಂದೆರಡು ದಿನಗಳಲ್ಲಿಯೇ ದಿಢೀರನೆ ಗೊಂದಲಕ್ಕೀಡಾದರೆ ಅದು ಸೋಂಕಿನಿಂದಲೋ ನೀರಿನಂಶ ಕಡಿಮೆಯಾದುದರಿಂದಲೋ ಬಂದ ಸನ್ನಿಯಾಗಿರಬಹುದು. ಆಗ ಅದೇ ದಿನ ಆಸ್ಪತ್ರೆಗೆ ಸಾಗಿಸಬೇಕು. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ 108ಕ್ಕೆ ಕರೆ ಮಾಡುವುದರಲ್ಲಿ ಒಂದು ನಿಮಿಷವೂ ತಡವಾಗಬಾರದು. ವೈದ್ಯರ ತಪಾಸಣೆಯಿಲ್ಲದೆ ಯಾರನ್ನೂ ಗಣಕಯಂತ್ರದ ಮುಂದೆ ಕೂರಿಸಿ ‘ಮರೆವಿಗೆ ಚಿಕಿತ್ಸೆ’ ಎಂದು ಕರೆಯುವುದು ತಪ್ಪು.

‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಆಯೋಗವು 2024ರಲ್ಲಿ, ತಡೆಯಬಹುದಾದ ಹದಿನಾಲ್ಕು ಕಾರಣಗಳನ್ನು ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು ಅಂದಾಜಿಸಿತು. ಕಡಿಮೆ ಶಿಕ್ಷಣ, ಕಿವುಡುತನ, ದೃಷ್ಟಿದೋಷ, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮಿತಿಮೀರಿದ ಮದ್ಯ, ತಲೆಗೆ ಪೆಟ್ಟು, ಖಿನ್ನತೆ, ಒಂಟಿತನ, ಕೊಳಕು ಗಾಳಿ ಇವು ಆ ಪಟ್ಟಿಯಲ್ಲಿವೆ. ಫಿನ್ಲೆಂಡಿನಲ್ಲಿ 60ರಿಂದ 77 ವರ್ಷದ 1,260 ಮಂದಿಯ ಮೇಲೆ ಎರಡು ವರ್ಷ ನಡೆದು 2015ರಲ್ಲಿ ವರದಿಯಾದ ಪ್ರಯೋಗದಲ್ಲಿಯೂ ಗಣಕಯಂತ್ರದ ತರಬೇತಿ ಒಂಟಿಯಾಗಿರಲಿಲ್ಲ. ಆಹಾರ, ವ್ಯಾಯಾಮ, ರಕ್ತದೊತ್ತಡದ ಹತೋಟಿ ಜೊತೆಗಿದ್ದವು. ಒಟ್ಟಾಗಿಯೇ ಅವು ಫಲ ನೀಡಿದವು.

ಈ ಕಾರಣಕ್ಕಾಗಿ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಹಣ ಕಡಿಮೆಯಿದ್ದರೆ ತಂತ್ರಾಂಶ ಕೊನೆಗೆ ಬರಲಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಕನ್ನಡಕ, ಶ್ರವಣ ಸಾಧನ, ಬಿ.ಪಿ. ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ಇವು ಮೊದಲು. ಕಿವಿ ಕೇಳದವರಿಗೆ ಧ್ವನಿಯ ಪಾಠ, ಪೊರೆ ಬಂದವರಿಗೆ ಚಿತ್ರದ ಪಾಠ ಎರಡೂ ವ್ಯರ್ಥ.

ಅರಿವು ಕೇಂದ್ರದಲ್ಲಿ ಮಾಡಬಹುದಾದದ್ದು

ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ ಅರಿವು ಕೇಂದ್ರಗಳಾಗಿ ಬೆಳೆದಿವೆ. ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ಅಲ್ಲಿನ ಗಣಕಯಂತ್ರಗಳು ಬಿಡುವಾಗಿರುತ್ತವೆ. ಬೆಳಿಗ್ಗೆ ಹನ್ನೊಂದಕ್ಕೆ, ವಾರದಲ್ಲಿ ಎರಡು ದಿನ, ಮುಕ್ಕಾಲು ಗಂಟೆ, ಆರರಿಂದ ಎಂಟು ಮಂದಿ: ಇಷ್ಟರಿಂದ ಆರಂಭಿಸಬಹುದು. ಬಿತ್ತನೆಯ ವಾರ, ಶೇಂಗಾ ಕೀಳುವ ಕಾಲ ಇವುಗಳನ್ನು ಬಿಟ್ಟು ದಿನ ಗೊತ್ತುಪಡಿಸಬೇಕು. ನಮ್ಮಲ್ಲಿ ಎಪ್ಪತ್ತರವರೂ ಹೊಲಕ್ಕೆ ಹೋಗುತ್ತಾರೆ.

ಮೊದಲ ಕಾಲು ಗಂಟೆ ಮಾತು. ಇಂದು ಯಾವ ವಾರ, ಯಾವ ಮಳೆ ನಕ್ಷತ್ರ, ಸಂತೆ ಎಂದು? ಮಾರಿಕಣಿವೆ 1933ರ ನಂತರ ಮೊದಲ ಸಲ 2022ರಲ್ಲಿ ಕೋಡಿ ಬಿದ್ದಾಗ ನೀವು ಎಲ್ಲಿದ್ದಿರಿ, ಯಾರ ಜೊತೆ ನೋಡಲು ಹೋದಿರಿ? ಅನಂತರ ಅರ್ಧ ಗಂಟೆ ಪರದೆಯ ಅಭ್ಯಾಸ, ಇಬ್ಬರಿಗೆ ಒಂದು ಯಂತ್ರದಂತೆ. ಇಲಿ ಹಿಡಿಯಲು ಬೆರಳು ನಡುಗುವವರಿಗೆ ಟ್ಯಾಬಿನ ಪರದೆ ಸುಲಭ. ವಿದ್ಯುತ್ ಹೋದ ದಿನ ಅಳಗುಳಿಮನೆಯನ್ನೋ ಹುಲಿಕಟ್ಟನ್ನೋ ಹರಡಿಕೊಂಡರಾಯಿತು. ಎಣಿಸುವುದು, ಎದುರಾಳಿಯ ನಡೆಯನ್ನು ಮುಂದಾಗಿ ಊಹಿಸುವುದು, ಸರದಿ ಕಾಯುವುದು ಎಲ್ಲವೂ ಅವುಗಳಲ್ಲಿವೆ. ಈ ಆಟಗಳು ಮರೆವನ್ನು ತಡೆಯುತ್ತವೆಂದು ನಾವು ಹೇಳುತ್ತಿಲ್ಲ. ಹಿರಿಯರು ಮನೆಯಿಂದ ಹೊರಬಂದು ಮತ್ತೊಬ್ಬರೊಡನೆ ಕುಳಿತರೆಂಬುದೇ ಒಂಟಿತನದ ಕಾರಣಕ್ಕೆ ಮದ್ದು.

ಯಾರು ನಡೆಸಬೇಕು? ಗ್ರಂಥಪಾಲಕರು ಯಂತ್ರವನ್ನು ನೋಡಿಕೊಳ್ಳಬಲ್ಲರು. ಪ್ರತಿ ಗ್ರಾಮ ಪಂಚಾಯಿತಿಗೆ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಲಕ್ವದಿಂದ ಅಂಗವಿಕಲರಾದವರ ಮನೆಗಳು ಗೊತ್ತಿರುತ್ತವೆ. ಆಶಾ ಕಾರ್ಯಕರ್ತೆಯರು ಬಿ.ಪಿ., ಸಕ್ಕರೆ ತಪಾಸಣೆಗಾಗಿ ಹೇಗೂ ಮನೆಗೆ ಹೋಗುತ್ತಾರೆ. ಆಗ ‘ಹೊಸದಾಗಿ ದಾರಿ ತಪ್ಪುತ್ತಿದ್ದಾರೆಯೇ, ಹಣದ ಲೆಕ್ಕದಲ್ಲಿ ಎಡವುತ್ತಿದ್ದಾರೆಯೇ’ ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿದರೆ ಸಾಕು. ಉತ್ತರ ಹೌದು ಎಂದಾದರೆ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಜಿಲ್ಲಾ ಆಸ್ಪತ್ರೆ. ಅಂಗವಿಕಲರ ಕಲ್ಯಾಣಕ್ಕೆ ಪಂಚಾಯಿತಿ ಮೀಸಲಿಡುವ ಶೇ. 5ರ ಅನುದಾನವನ್ನು ಅಂಗವೈಕಲ್ಯ ಪ್ರಮಾಣಪತ್ರವುಳ್ಳವರ ಸಾಧನಗಳಿಗೆ ಬಳಸಬಹುದು. ಉಳಿದವರ ಹೆಸರಿನಲ್ಲಿ ಅದರಿಂದ ವೆಚ್ಚ ಹಾಕುವುದು ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಗೆ ದಾರಿಯಾದೀತು.

ಹೆಬ್ಬೆಟ್ಟಿನ ವಿಷಯ

ಮರೆವಿನವರಿಗೆ ಒದಗುವ ದೊಡ್ಡ ಅಪಾಯ ಮನೆಯೊಳಗಿನಿಂದಲೇ ಬರುವುದುಂಟು. ಜಮೀನಿನ ಪತ್ರಕ್ಕೆ, ಬ್ಯಾಂಕಿನ ಚೀಟಿಗೆ ಅರ್ಥ ತಿಳಿಯದ ಸ್ಥಿತಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಸದಸ್ಯರು ಕಂಡಿರುತ್ತಾರೆ. ಕೆಲವೊಮ್ಮೆ ಸಾಕ್ಷಿಯಾಗಿ ಸಹಿ ಹಾಕಲು ಸದಸ್ಯರನ್ನೇ ಕರೆಯುತ್ತಾರೆ. ಒಪ್ಪಂದದ ಹೊತ್ತಿನಲ್ಲಿ ಅದರ ಅರ್ಥವನ್ನು ಗ್ರಹಿಸುವ ಬುದ್ಧಿ ಸ್ಥಿಮಿತದಲ್ಲಿರಬೇಕೆಂದು ಭಾರತೀಯ ಒಪ್ಪಂದಗಳ ಕಾಯ್ದೆ ಹೇಳುತ್ತದೆ. ರೋಗದ ಹೆಸರು ಬಂದ ಮಾತ್ರಕ್ಕೆ ಹಿರಿಯರ ಹಕ್ಕು ಹೋಗುವುದಿಲ್ಲ, ರೋಗವಿದೆಯೆಂದು ತಿಳಿದೂ ಸಾಕ್ಷಿ ಹಾಕುವುದು ಸದಸ್ಯರಿಗೆ ಶೋಭೆಯಲ್ಲ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ, 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಮೇರೆಗೆ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಯು ಆ ವರ್ಗಾವಣೆಯನ್ನು ರದ್ದುಪಡಿಸಬಹುದು.

ಅದೇ ರೀತಿ, ತರಬೇತಿಗೆ ಬರುವವರ ಹೆಸರು ಮತ್ತು ಅಂಕಗಳನ್ನು ಸೂಚನಾ ಫಲಕದಲ್ಲಿ ಹಾಕಕೂಡದು, ಗ್ರಾಮಸಭೆಯಲ್ಲಿ ಓದಕೂಡದು, ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಂಚಕೂಡದು. ಗ್ರಾಮಸಭೆಗೆ ಬೇಕಾದುದು ಎಷ್ಟು ಮಂದಿ ಬಂದರು, ಎಷ್ಟು ಮಂದಿಯನ್ನು ಆಸ್ಪತ್ರೆಗೆ ಕಳುಹಿಸಲಾಯಿತು, ಎಷ್ಟು ಮಂದಿಗೆ ಕನ್ನಡಕ ಮತ್ತು ಶ್ರವಣ ಸಾಧನ ದೊರೆಯಿತು ಎಂಬ ಸಂಖ್ಯೆ ಮಾತ್ರ. ಒಪ್ಪಿಗೆಯನ್ನು ಮಗನಿಂದಷ್ಟೇ ಪಡೆದರೆ ಸಾಲದು. ಹಿರಿಯರನ್ನೂ ಕೇಳಬೇಕು, ಬೇಡವೆಂದರೆ ಬಿಡಬೇಕು.

ಹಗಲಿರುಳು ಆರೈಕೆ ಮಾಡಿ ಬಳಲಿದ ಮಗಳು ಸೊಸೆಯಂದಿರಿಗೂ, ಮನಸ್ಸು ಕುಗ್ಗಿದ ಹಿರಿಯರಿಗೂ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲಿ ಉಚಿತವಾಗಿ ಲಭ್ಯವಿದೆ. ಹಿರಿಯ ನಾಗರಿಕರ ಸಹಾಯವಾಣಿ 14567. ಈ ಎರಡು ಸಂಖ್ಯೆಗಳನ್ನು ಅರಿವು ಕೇಂದ್ರದ ಬಾಗಿಲಿನ ಮೇಲೆ, ಹಾಲಿನ ಡೇರಿಯಲ್ಲಿ ಮತ್ತು ನ್ಯಾಯಬೆಲೆ ಅಂಗಡಿಯಲ್ಲಿ ದೊಡ್ಡ ಅಂಕಿಗಳಲ್ಲಿ ಬರೆಯಿಸತಕ್ಕದ್ದು.